ಮಣ್ಣಿನ ಆಮ್ಲೀಯತೆ ಮತ್ತು ದ್ವಿದಳ ಧಾನ್ಯ ಬೆಳೆಗಳು: ಮಣ್ಣು ಪರೀಕ್ಷೆಯ ಅಗತ್ಯ

ಬೇಳೆಕಾಳುಗಳಲ್ಲಿ ಸ್ವಾವಲಂಬನೆ ಸಾಧಿಸುವ ಅಭಿಯಾನಕ್ಕೆ ಕೇಂದ್ರ ಸಚಿವ ಸಂಪುಟವು 2025ರ ಅಕ್ಟೋಬರ್ 1ರಂದು ಅನುಮೋದನೆ ನೀಡಿತು. 2030-31ರವರೆಗಿನ ಆರು ವರ್ಷಗಳ ಅವಧಿಗೆ ರೂ. 11,440 ಕೋಟಿ ನಿಗದಿಯಾಗಿದ್ದು, ತೊಗರಿ, ಉದ್ದು ಮತ್ತು ಮಸೂರ ಬೆಳೆಗಳಿಗೆ ವಿಶೇಷ ಒತ್ತು ನೀಡಲಾಗಿದೆ. ಆದರೆ ಉತ್ತಮ ಬಿತ್ತನೆ ಬೀಜ ದೊರೆತ ಮಾತ್ರಕ್ಕೆ ಇಳುವರಿ ಹೆಚ್ಚುವುದಿಲ್ಲ. ಮಣ್ಣಿನ ರಸಸಾರವೂ ಬೆಳೆಗೆ ಒಗ್ಗುವಂತಿರಬೇಕು.

ಮುತ್ತತ್ತಿ ಸೇರಿದಂತೆ ಮಳವಳ್ಳಿ ತಾಲ್ಲೂಕಿನ ಮಳೆಯಾಶ್ರಿತ ಕೆಂಪು ಮರಳುಮಿಶ್ರಿತ ಭೂಮಿಯಲ್ಲಿ ರಾಗಿಯೊಡನೆ ಅವರೆ, ತೊಗರಿ, ಅಲಸಂದೆ, ಹುರುಳಿ ಬೆಳೆಯುವುದು ರೂಢಿ. ಇಂತಹ ಹಗುರ ಮಣ್ಣಿನಿಂದ ಸುಣ್ಣಾಂಶವು ಮಳೆನೀರಿನೊಡನೆ ಬಸಿದುಹೋಗುತ್ತದೆ. ಯೂರಿಯಾ ಮುಂತಾದ ಗೊಬ್ಬರಗಳ ನಿರಂತರ ಬಳಕೆಯೂ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ.

ರಸಸಾರ 7 ಇದ್ದಲ್ಲಿ ಮಣ್ಣು ತಟಸ್ಥ. 6.5ಕ್ಕೆ ಹೋಲಿಸಿದಲ್ಲಿ 5.5 ಹತ್ತು ಪಟ್ಟು ಹೆಚ್ಚು ಆಮ್ಲೀಯ. 5.5ಕ್ಕಿಂತ ಕಡಿಮೆಯಾದಾಗ ಕರಗುವ ಅಲ್ಯೂಮಿನಿಯಂ ಬೇರಿನ ತುದಿಗೆ ಹಾನಿ ಮಾಡುತ್ತದೆ. ರಂಜಕವು ಮಣ್ಣಿನಲ್ಲಿಯೇ ಬಂಧಿತವಾಗುತ್ತದೆ. ಸಾರಜನಕ ಸ್ಥಿರೀಕರಣಕ್ಕೆ ಅವಶ್ಯವಾದ ಮಾಲಿಬ್ಡಿನಂ ಲಭ್ಯತೆ ಕುಗ್ಗುತ್ತದೆ. ರೈಜೋಬಿಯಂ ಜೀವಾಣುಗಳ ಸಂಖ್ಯೆ ಕಡಿಮೆಯಾಗಿ ಬೇರಿನ ಗಂಟುಗಳು ವಿರಳವಾಗುತ್ತವೆ. ಪರಿಣಾಮವಾಗಿ ಎಲೆ ಹಳದಿಯಾಗಿ ಕಾಳು ಸರಿಯಾಗಿ ಕಟ್ಟುವುದಿಲ್ಲ. ಹೂ ಬಿಡುವ ಮುನ್ನ ಗಿಡವನ್ನು ಬೇರುಸಹಿತ ಅಗೆದು ಗಂಟನ್ನು ಸೀಳಿದಾಗ ಒಳಭಾಗ ನಸುಗೆಂಪಾಗಿದ್ದರೆ ಸ್ಥಿರೀಕರಣ ನಡೆಯುತ್ತಿದೆ ಎಂದರ್ಥ.

ಆಮ್ಲೀಯತೆಗೆ ಪರಿಹಾರ ಕೃಷಿ ಸುಣ್ಣ ಅಥವಾ ಡಾಲಮೈಟ್. ಇದನ್ನು ಬಿತ್ತನೆಗೆ ಎರಡು-ಮೂರು ವಾರ ಮುಂಚಿತವಾಗಿ ಮಣ್ಣಿಗೆ ಸೇರಿಸಬೇಕು. ಜಿಪ್ಸಂ ಆಮ್ಲೀಯತೆಯನ್ನು ತಗ್ಗಿಸುವುದಿಲ್ಲ. ಆದರೆ ಮಂಡ್ಯ ಜಿಲ್ಲೆಯ ನಾಲಾ ನೀರಾವರಿ ಪ್ರದೇಶದಲ್ಲಿ ಚೌಳು ಭೂಮಿಯೂ ಇದೆ. ಅಲ್ಲಿ ಸುಣ್ಣ ಹಾಕಿದಲ್ಲಿ ಹಾನಿಯೇ ಹೆಚ್ಚು. ಆದುದರಿಂದ ಪರೀಕ್ಷಿಸದೆ ಸುಣ್ಣ ಬಳಸಬಾರದು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ ಮೊದಲ ಸುತ್ತುಗಳಲ್ಲಿ ಮಳೆಯಾಶ್ರಿತ ಪ್ರದೇಶಕ್ಕೆ 10 ಹೆಕ್ಟೇರಿಗೆ ಒಂದು ಮಾದರಿ ಸಂಗ್ರಹಿಸಲಾಗಿತ್ತು. ಹಾಗಾಗಿ ಹಳೆಯ ಚೀಟಿಯ ಫಲಿತಾಂಶವು ಪಕ್ಕದ ಹೊಲದ ಮಣ್ಣಿನದೂ ಆಗಿರಬಹುದು. ಸ್ವಂತ ಹೊಲದ ಪರೀಕ್ಷೆ ಬಯಸುವ ರೈತರು ಈ ಕ್ರಮ ಅನುಸರಿಸುವುದು:

1. ಬದು, ಮರದ ನೆರಳು, ತಿಪ್ಪೆಯ ಜಾಗ ಬಿಟ್ಟು 8-10 ಕಡೆ 'ವಿ' ಆಕಾರದ ಗುಂಡಿ ತೆಗೆದು 15 ಸೆಂ.ಮೀ. ಆಳದವರೆಗಿನ ಮಣ್ಣು ಸಂಗ್ರಹಿಸುವುದು.
2. ಮಿಶ್ರಮಾಡಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕೆ.ಜಿ. ಮಾದರಿಯನ್ನು ಶುದ್ಧ ಚೀಲದಲ್ಲಿ ಇಡುವುದು.
3. ಹೆಸರು, ಗ್ರಾಮ, ಸರ್ವೆ ನಂಬರ್, ಹಿಂದಿನ ಮತ್ತು ಮುಂದಿನ ಬೆಳೆಯ ವಿವರ ಬರೆದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಸಲ್ಲಿಸುವುದು.

ಮುಂಗಾರಿಗೆ ಸಾಕಷ್ಟು ಮೊದಲೇ ಮಾದರಿ ನೀಡಿದಲ್ಲಿ ಫಲಿತಾಂಶದಂತೆ ಸುಣ್ಣ ಬಳಸಲು ಕಾಲಾವಕಾಶ ದೊರೆಯುತ್ತದೆ.