ಜಿಂಕೆ ಹೋಗಿ ತೆಂಗಿನಕಾಯಿ
ಥಾಣೆಯ ಯೇವೂರು ಕಾಡಿನಲ್ಲಿ ಜಿಂಕೆ ಕಂಡರೆ ನಮ್ಮ ಕೈ ಮೊಬೈಲಿಗೆ ಹೋಗುತ್ತದೆ. ಕೊಡಗಿನಲ್ಲಿ ಒಂದು ಕಾಲಕ್ಕೆ ಕೋವಿಗೆ ಹೋಗುತ್ತಿತ್ತು. ಅಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಅಜ್ಜನ ಕಾಲದ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ಪೂಜೆ ಮುಗಿಸಿ, ಗಂಡಸರು ಬೇಟೆಗೆ ಹೊರಡುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಅಳಿದುಳಿದ ಬೇಟೆ ಪರವಾನಗಿಗಳಿಗೂ ತೆರೆ ಎಳೆಯಿತು. ಕೋವಿಯನ್ನು ಮಾತ್ರ ಯಾರೂ ಕಸಿಯಲಿಲ್ಲ: ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಿರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಎಂಬ ಲೆಕ್ಕವೂ ಹಾಗೇ ಇದೆ. (ಹೆಣ್ಣು ಮಗುವಿಗೂ ಒಂದು ಹಾರಿಸಿದರೆ ಮದ್ದೇನು ಮುಗಿದುಹೋಗದು.) ಹಬ್ಬದ ಗುರಿ ಈಗ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿ. ಬೇಟೆಗಿಂತ ಇದು ಕಷ್ಟವೆಂದೇ ನನ್ನ ವಾದ. ಇಲ್ಲಿ ತಪ್ಪಿದ್ದನ್ನು ಊರೇ ನೋಡುತ್ತದೆ.