ಬೀದಿನಾಯಿಗೆ ಕೆಲವು ವಾರ ಆಸರೆ: ಮನೆಯಲ್ಲಿ ರೋಗಿ ಇದ್ದರೆ ಏನು ಕೇಳಬೇಕು?

ಆಸ್ಪತ್ರೆ, ಶಾಲೆ-ಕಾಲೇಜು, ಬಸ್ ನಿಲ್ದಾಣ, ರೈಲು ನಿಲ್ದಾಣ ಮತ್ತು ಕ್ರೀಡಾ ಸಂಕೀರ್ಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆದು, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ನಂತರ ಆಶ್ರಯಧಾಮಕ್ಕೆ ಸೇರಿಸಬೇಕು, ಅದೇ ಜಾಗಕ್ಕೆ ಮತ್ತೆ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಅದೇ ವರ್ಷ ಆಗಸ್ಟ್ 22ರ ಆದೇಶದಲ್ಲಿ ಇನ್ನೊಂದು ಮಾತಿತ್ತು: ಬೀದಿನಾಯಿಯನ್ನು ದತ್ತು ಪಡೆಯಲು ಬಯಸುವವರು ಪಾಲಿಕೆಗೆ ಅರ್ಜಿ ಹಾಕಬಹುದು, ಆದರೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಅವರದೇ.

ಬೀದಿಗೂ ದತ್ತು ಮನೆಗೂ ನಡುವೆ ಒಂದು ಖಾಲಿ ಅವಧಿ ಇರುತ್ತದೆ. ಗಾಯಗೊಂಡು ಸಿಕ್ಕ ನಾಯಿಗೆ, ತಾಯಿ ಇಲ್ಲದ ಮರಿಗೆ ಖಾಯಂ ಮನೆ ಸಿಗುವವರೆಗೆ ಯಾರಾದರೂ ಜಾಗ ಕೊಡಬೇಕು. ಇದಕ್ಕೆ ಎಲ್ಲರೂ 'ಫಾಸ್ಟರ್' ಎಂದೇ ಹೇಳುತ್ತಾರೆ. ಪುಣೆಯಲ್ಲಿ ಇದು ಹೊಸದಲ್ಲ. ರೆಸ್ಕ್ಯೂ ಚಾರಿಟಬಲ್ ಟ್ರಸ್ಟ್‌ನಂಥ ಸಂಸ್ಥೆ 2007ರಿಂದ ಇಲ್ಲಿ ಪ್ರಾಣಿಗಳ ರಕ್ಷಣೆ ಮಾಡುತ್ತಿದೆ. ನಿಮ್ಮ ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿಗೂ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇಂಥ ಕೋರಿಕೆ ಬಂದಿರಬಹುದು: "ಎರಡೇ ವಾರ, ಯಾರಾದರೂ ಇಟ್ಟುಕೊಳ್ಳಿ."

ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಈ ಅಂಕಣ ಓದುವವರಲ್ಲಿ ಅನೇಕರ ಮನೆಯಲ್ಲಿ ಕೀಮೊ ನಡೆಯುತ್ತಿರುವವರು, ಕಿಡ್ನಿ ಕಸಿ ಆದವರು, ದಿನವೂ ಸ್ಟೀರಾಯ್ಡ್ ನುಂಗುವವರು ಇದ್ದಾರೆ. ಅವರ ಮನೆಯ ಲೆಕ್ಕ ಬೇರೆ.

ಮೊದಲು ಒಂದು ತಪ್ಪು ತಿಳಿವಳಿಕೆ. "ಹತ್ತು ದಿನ ನೋಡಿದ್ದೇವೆ, ನಾಯಿ ಚೆನ್ನಾಗಿದೆ, ರೇಬೀಸ್ ಇಲ್ಲ" ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಸಮಾಧಾನ ಪಡಬೇಡಿ. ಹತ್ತು ದಿನದ ನಿಯಮ ಇರುವುದು ಕಚ್ಚಿದ ನಾಯಿಯ ವಿಷಯದಲ್ಲಿ. ರೋಗಲಕ್ಷಣ ಕಾಣಿಸುವುದಕ್ಕೆ ಕೆಲವೇ ದಿನ ಮೊದಲು ನಾಯಿಯ ಜೊಲ್ಲಿನಲ್ಲಿ ವೈರಸ್ ಬರುತ್ತದೆ. ಹಾಗಾಗಿ ಕಚ್ಚಿ ಹತ್ತು ದಿನವಾದರೂ ಅದು ಆರೋಗ್ಯವಾಗಿದ್ದರೆ, ಕಚ್ಚಿದ ಹೊತ್ತಿನಲ್ಲಿ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಅಷ್ಟೇ. ಬೀದಿಯಲ್ಲಿ ಬೇರೊಂದು ನಾಯಿಯಿಂದ ಕಚ್ಚಿಸಿಕೊಂಡು ಬಂದ ನಾಯಿಯ ಮೈಯೊಳಗೆ ವೈರಸ್ ಸದ್ದಿಲ್ಲದೆ ಎರಡು ವಾರದಿಂದ ಕೆಲವು ತಿಂಗಳವರೆಗೂ ಇರಬಹುದು. ಅಂಥ ನಾಯಿ ಇಂದು ಬಾಲ ಆಡಿಸುತ್ತಾ ಆಟವಾಡುತ್ತಲೇ ಇರುತ್ತದೆ.

ಲಸಿಕೆಯ ಪುಸ್ತಕ ತೋರಿಸಿದರೆ ದಿನಾಂಕ ನೋಡಿ. ಮೊದಲ ಡೋಸ್ ಕೊಟ್ಟು ಸುಮಾರು ನಾಲ್ಕು ವಾರ ಆಗುವವರೆಗೆ ನಾಯಿಗೆ ರಕ್ಷಣೆ ಬಂದಿದೆ ಎನ್ನಲಾಗದು. ಅದಕ್ಕೂ ಮುಂಚೆ ಸೋಂಕು ತಗುಲಿದ್ದರೆ ಆ ಲಸಿಕೆಯನ್ನು ನಂಬಿಕೊಳ್ಳುವಂತಿಲ್ಲ. ಮರಿಗಳಿಗೆ ರೇಬೀಸ್ ಲಸಿಕೆ ಹಾಕುವುದೇ ಸಾಮಾನ್ಯವಾಗಿ ಮೂರು ತಿಂಗಳಿಗೆ. ಎರಡು ತಿಂಗಳ ಮರಿಗೆ 'ಎಲ್ಲ ಇಂಜೆಕ್ಷನ್ ಆಗಿದೆ' ಎಂದರೆ, ಯಾವ ಇಂಜೆಕ್ಷನ್ ಎಂದು ಕೇಳಿ. ಆ ಪುಸ್ತಕದಲ್ಲಿ 'ಎಆರ್‌ವಿ' ಎಂದಿದ್ದರೆ ಅದು ರೇಬೀಸ್ ಲಸಿಕೆ. ಎಚ್‌ಐವಿ ರೋಗಿಯ ಫೈಲಿನಲ್ಲಿ ಇದೇ ಮೂರಕ್ಷರಕ್ಕೆ ಅರ್ಥ ಬೇರೆ, ಅಲ್ಲಿ ಅದು ವೈರಸ್ ತಡೆಯುವ ಮಾತ್ರೆ. ಅನುವಾದಕ್ಕೆ ಕುಳಿತಾಗ ನಾನು ಎರಡು ಸಲ ನೋಡಿ ಬರೆಯುವ ಪದಗಳಲ್ಲಿ ಇದೂ ಒಂದು.

ನಮ್ಮ 'ಹುಚ್ಚು ನಾಯಿ' ಎಂಬ ಮಾತು ಕೂಡ ದಾರಿ ತಪ್ಪಿಸುತ್ತದೆ. ಮರಾಠಿಯ 'ಪಿಸಾಳಲೇಲಾ ಕುತ್ರಾ' ಎನ್ನುವುದೂ ಹಾಗೆಯೇ. ರೇಬೀಸ್ ಬಂದ ಎಲ್ಲ ನಾಯಿಯೂ ಅಟ್ಟಿಸಿಕೊಂಡು ಬರುವುದಿಲ್ಲ. ಕೆಲವು ಮೂಲೆ ಹಿಡಿದು ಮಲಗುತ್ತವೆ, ದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನುಂಗಲು ಆಗುವುದಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿರಬೇಕು ಎಂದು ಕರುಣೆಯಿಂದ ಬಾಯಿಗೆ ಕೈ ಹಾಕುವವರಿದ್ದಾರೆ. ದಯವಿಟ್ಟು ಹಾಕಬೇಡಿ. ಆ ನಾಯಿಯನ್ನು ಪಶುವೈದ್ಯರೇ ನೋಡಬೇಕು.

ನಾಯಿಯ ಲಸಿಕೆಗಿಂತ ಮುಂಚೆ ಯೋಚಿಸಬೇಕಾದದ್ದು ಮನುಷ್ಯರ ಲಸಿಕೆ. ನಾಯಿಯನ್ನು ನೋಡಿಕೊಳ್ಳುವ ಆರೋಗ್ಯವಂತರು ಮುಂಚಿತವಾಗಿಯೇ ಮೂರು ಡೋಸ್ ಪಡೆಯಬಹುದು: ಮೊದಲ ದಿನ, 7ನೇ ದಿನ, ಮತ್ತೆ 21 ಅಥವಾ 28ನೇ ದಿನ. ಇದನ್ನು ಪಡೆದವರಿಗೆ ಮುಂದೆ ಕಚ್ಚಿದರೆ ಎರಡೇ ಡೋಸ್ ಸಾಕು, ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ.

ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಈ ರಿಯಾಯಿತಿ ಇಲ್ಲ. ಅವರ ದೇಹ ಲಸಿಕೆಗೆ ಸರಿಯಾಗಿ ಪ್ರತಿಕ್ರಿಯಿಸದೆ ಇರಬಹುದು. ಅದಕ್ಕೇ ರಕ್ತ ಬರದ ಸಣ್ಣ ಪರಚಿಗೂ ಅವರಿಗೆ ಪೂರ್ಣ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೊಡಬೇಕು, ಲಸಿಕೆಯನ್ನು ಚರ್ಮದೊಳಗಲ್ಲ, ಸ್ನಾಯುವಿಗೇ ಕೊಡಬೇಕು ಎಂದು ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಸಂಧಿವಾತಕ್ಕೋ ಲೂಪಸ್‌ಗೋ ಹೈಡ್ರಾಕ್ಸಿಕ್ಲೋರೊಕ್ವಿನ್ ತೆಗೆದುಕೊಳ್ಳುವವರೂ ಸ್ನಾಯುವಿಗೆ ಕೊಡಿ ಎಂದು ಕೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಚರ್ಮದೊಳಗೇ ಚುಚ್ಚುತ್ತಾರೆ. ನಿಮ್ಮ ಮಾತ್ರೆಗಳ ಪಟ್ಟಿ ಕೈಯಲ್ಲಿ ಇಲ್ಲದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಔಷಧಿ ಅಂಗಡಿಯಲ್ಲಿ ಇನ್ನೊಂದು ಗೊಂದಲ ಆಗುತ್ತದೆ. ಪುಣೆಯಲ್ಲೇ ಇರುವ ಸೀರಮ್ ಇನ್‌ಸ್ಟಿಟ್ಯೂಟ್ 'ರಾಬಿವ್ಯಾಕ್ಸ್-ಎಸ್' ಮತ್ತು 'ರಾಬಿಶೀಲ್ಡ್' ಎರಡನ್ನೂ ತಯಾರಿಸುತ್ತದೆ. ಮೊದಲನೆಯದು ಲಸಿಕೆ, ದೇಹ ತಾನೇ ಪ್ರತಿಕಾಯ ಮಾಡಿಕೊಳ್ಳುವಂತೆ ಪ್ರಚೋದಿಸುತ್ತದೆ. ಎರಡನೆಯದು ಸಿದ್ಧ ಪ್ರತಿಕಾಯ, ಲಸಿಕೆ ಕೆಲಸ ಶುರುಮಾಡುವವರೆಗೆ ಗಾಯದಲ್ಲೇ ವೈರಸ್ಸನ್ನು ತಡೆಯುತ್ತದೆ. ಇಮ್ಯುನೊಗ್ಲಾಬ್ಯುಲಿನ್ ಜಾಗದಲ್ಲಿ ಇದನ್ನು ಬಳಸುತ್ತಾರೆ. ಒಂದು ಸಿಗಲಿಲ್ಲವೆಂದು ಇನ್ನೊಂದನ್ನು ಕೊಂಡೊಯ್ಯುವಂತಿಲ್ಲ. ಎಲ್ಲ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳು ಲಸಿಕೆ, ಇಮ್ಯುನೊಗ್ಲಾಬ್ಯುಲಿನ್ ಎರಡರ ದಾಸ್ತಾನು ಇಡಲೇಬೇಕು ಎಂದು ನವೆಂಬರ್ 7ರ ಆದೇಶವೇ ಹೇಳಿದೆ. ಇಲ್ಲ ಎಂದರೆ ಅದನ್ನು ನೆನಪಿಸಿ. ಆದರೆ ಅದಕ್ಕೂ ಮೊದಲು, ಮನೆಯಲ್ಲೇ, ನಲ್ಲಿಯ ಕೆಳಗೆ ಸೋಪು ಹಾಕಿ 15 ನಿಮಿಷ ಗಾಯ ತೊಳೆಯಿರಿ. ಅರಿಸಿನ, ಸುಣ್ಣ, ಖಾರದ ಪುಡಿ ಬೇಡ.

ರೇಬೀಸ್ ಒಂದೇ ಅಲ್ಲ. ನಾಯಿಯ ಮೂತ್ರದಿಂದ ಇಲಿಜ್ವರ, ಮಲದಿಂದ ಜಂತುಹುಳು, ಮೈಯಿಂದ ಹುಳುಕಡ್ಡಿ ಮತ್ತು ಕಜ್ಜಿ ಬರಬಹುದು. ಗುಲ್ಮ ತೆಗೆಸಿಕೊಂಡವರಿಗೆ ಸಾಮಾನ್ಯ ನಾಯಿಯ ಜೊಲ್ಲಿನ ಬ್ಯಾಕ್ಟೀರಿಯಾ ಕೂಡ ಜೀವಕ್ಕೆ ಎರವಾಗಬಲ್ಲದು. ಆರು ತಿಂಗಳೊಳಗಿನ ಮರಿ, ಭೇದಿ ಇರುವ ನಾಯಿ, ಬೀದಿಯಿಂದ ನೇರ ಬಂದ ನಾಯಿ ಇಂಥ ರೋಗಿಗಳ ಹತ್ತಿರ ಬೇಡ. ಕೀಮೊ ನಡೆಯುವಷ್ಟು ದಿನ ನಿಮ್ಮ ಮನೆ ಫಾಸ್ಟರ್‌ಗೆ ಸರಿಯಾದ ಜಾಗವಲ್ಲ ಎನ್ನುವುದು ನನ್ನ ಅಭಿಪ್ರಾಯ. ಆಹಾರದ ಖರ್ಚು ಕೊಡಿ, ಪಶುವೈದ್ಯರ ಬಿಲ್ ಕಟ್ಟಿ, ಫೋಟೊ ಹಂಚಿ. ಅದೂ ಆ ನಾಯಿಗೆ ಬೇಕಾದದ್ದೇ.

ಅಪಾಯ ನಾಯಿಗೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ರೋಗಿಯ ಮಂಚದ ಪಕ್ಕದ ಔಷಧಿ ಡಬ್ಬಿಯೇ ಅದಕ್ಕೆ ವಿಷ. ಐಬುಪ್ರೊಫೆನ್ ಮಾತ್ರೆ ನಾಯಿಯ ಹೊಟ್ಟೆ, ಕಿಡ್ನಿ ಕೆಡಿಸುತ್ತದೆ. ಚರ್ಮದ ಕ್ಯಾನ್ಸರಿಗೆ ಹಚ್ಚುವ ಫ್ಲೂರೊಯುರಾಸಿಲ್ ಕ್ರೀಮಿನ ಟ್ಯೂಬ್ ಅಗಿದರೆ ನಾಯಿ ಸಾಯಬಹುದು. ಕೀಮೊ ಆದ ಮೇಲೆ ಕನಿಷ್ಠ 48 ಗಂಟೆ ರೋಗಿಯ ವಾಂತಿ, ಮೂತ್ರ ಅದರ ನಾಲಿಗೆಗೆ ಸಿಗಬಾರದು.

ಇಷ್ಟೆಲ್ಲ ನೋಡಿ, ವೈದ್ಯರನ್ನೂ ಕೇಳಿ, ಒಪ್ಪಿಕೊಳ್ಳುವುದಾದರೆ ಒಂದು ಕಾಗದ ಬರೆಸಿಕೊಳ್ಳಿ. ಆಗಸ್ಟ್ 22ರ ಆದೇಶ ಹೊಣೆ ಹೊರಿಸುವುದು ದತ್ತು ಪಡೆದವರ ಮೇಲೆ. ನೀವು ದತ್ತು ಪಡೆದವರಲ್ಲ, ನಡುವೆ ಇಟ್ಟುಕೊಂಡವರು. ರೋಗಿಗೆ ರಾತ್ರಿ ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾದರೆ ನಾಯಿಯನ್ನು ಯಾರು, ಎಷ್ಟು ಗಂಟೆಯೊಳಗೆ ವಾಪಸ್ ಒಯ್ಯುತ್ತಾರೆ ಎಂಬುದು ಆ ಕಾಗದದಲ್ಲಿ ಹೆಸರು, ಫೋನ್ ನಂಬರ್ ಸಮೇತ ಇರಲಿ.