ಗುದ್ದಲಿ ಪೂಜೆಯ ಫೋಟೊದಲ್ಲಿದ್ದ ಮರ

ಪತ್ರಿಕೋದ್ಯಮ ಓದಿ ಮುಗಿಸಿ ತಾಲ್ಲೂಕು ಕೇಂದ್ರಗಳಲ್ಲಿ ಕೆಲಸಕ್ಕೆ ಸೇರಿದ ನಾವೆಲ್ಲ ಅತಿ ಹೆಚ್ಚು ಬಾರಿ ತೆಗೆದ ಫೋಟೊ ಯಾವುದು ಗೊತ್ತೇ? ಗುದ್ದಲಿ ಪೂಜೆಯದು. ಶಾಸಕರ ಕೈಯಲ್ಲಿ ಗುದ್ದಲಿ, ಪಕ್ಕದಲ್ಲಿ ಗುತ್ತಿಗೆದಾರರು, ಹಿಂದೆ ಕತ್ತು ಉದ್ದ ಮಾಡಿಕೊಂಡು ನಿಂತ ಪುರಸಭೆ ಸದಸ್ಯರು. ಬಿಸಿಲೇರಿದ ಹೊತ್ತಾದ್ದರಿಂದ ಎಲ್ಲರೂ ಯಾವುದಾದರೊಂದು ಮರದ ಕೆಳಗೆ ಸರಿದುಕೊಂಡಿರುತ್ತಾರೆ. ‘ರಸ್ತೆ ಅಗಲೀಕರಣ ಕಾಮಗಾರಿಗೆ ಚಾಲನೆ’ ಎಂದು ಶೀರ್ಷಿಕೆ ಕೊಟ್ಟು ನಾವು ಸುದ್ದಿ ಕಳಿಸುತ್ತೇವೆ. ಕೆಲವು ತಿಂಗಳು ಬಿಟ್ಟು ಅದೇ ಜಾಗಕ್ಕೆ ಹೋದರೆ ಶಾಸಕರಿಗೆ ನೆರಳು ಕೊಟ್ಟ ಮರ ಇರುವುದಿಲ್ಲ. ಅದು ಹೋಗಲಿದೆ ಎನ್ನುವ ಒಂದು ಸಾಲೂ ಅಂದಿನ ನಮ್ಮ ಸುದ್ದಿಯಲ್ಲಿ ಇರಲಿಲ್ಲ. ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹಾಗಾಗಿ ಬೇರೆಯವರ ಮೇಲೆ ಬೆರಳು ತೋರಿಸುವ ಮೊದಲು ನಮ್ಮ ತಪ್ಪನ್ನು ನಾವೇ ಒಪ್ಪಿಕೊಂಡುಬಿಡುತ್ತೇವೆ. ಇನ್ನು ಉಳಿದವರ ವಿಷಯಕ್ಕೆ ಬರೋಣ.

ನಮ್ಮೂರುಗಳಲ್ಲಿ ಮರದ ಚರ್ಚೆ ಶುರುವಾಗುವುದು ಯಾವಾಗ? ಕಾಂಡದ ಮೇಲೆ ಬಣ್ಣದಲ್ಲಿ ನಂಬರು ಬಿದ್ದ ದಿನ. ಅಷ್ಟರಲ್ಲಿ ಅಂದಾಜು ಪಟ್ಟಿ ತಯಾರಾಗಿ, ಟೆಂಡರ್ ಆಗಿ, ಗುತ್ತಿಗೆದಾರ ಜೆಸಿಬಿ ತಂದು ನಿಲ್ಲಿಸಿರುತ್ತಾನೆ. ಆಗ ಒಂದಷ್ಟು ಜನ ಮನವಿ ಪತ್ರ ಹಿಡಿದು ತಹಶೀಲ್ದಾರರ ಕಚೇರಿಗೆ ಹೋಗುತ್ತಾರೆ. ಇನ್ನೊಂದಷ್ಟು ಜನ ‘ಇವರು ಅಭಿವೃದ್ಧಿ ವಿರೋಧಿಗಳು’ ಎನ್ನುತ್ತಾರೆ. ನಾವು ಎರಡೂ ಕಡೆಯವರ ಹೇಳಿಕೆ ಬರೆದುಕೊಂಡು ‘ಪರ–ವಿರೋಧ’ ಎಂದು ಹಾಕುತ್ತೇವೆ. ಇದನ್ನು ಚರ್ಚೆ ಎಂದು ಕರೆಯುವುದೇ ತಪ್ಪು. ತೀರ್ಪು ಬರೆದಾದ ಮೇಲೆ ಸಾಕ್ಷಿ ಕರೆದಂತೆ ಇದು.

ಮೈಸೂರಿನ ಉದಾಹರಣೆ ನೋಡಿ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಹೈದರ್ ಅಲಿ ರಸ್ತೆಯಲ್ಲಿ ಅಗಲೀಕರಣಕ್ಕೆಂದು 40 ಮರಗಳನ್ನು ರಾತ್ರೋರಾತ್ರಿ ಕಡಿದು ಉರುಳಿಸಿದರು. ಬೆಳಗ್ಗೆ ಎದ್ದವರಿಗೆ ಕಂಡದ್ದು ದಿಮ್ಮಿಗಳು. ಜನ ಬೀದಿಗಿಳಿದು ಪ್ರತಿಭಟಿಸಿದರು, ಪತ್ರಿಕೆಗಳು ಬರೆದವು. ಆದರೆ ಕಡಿದ ಮರಕ್ಕೆ ತಡೆಯಾಜ್ಞೆ ತರಲು ಆಗುವುದಿಲ್ಲವಲ್ಲ! ಒಳ್ಳೆಯ ಕೆಲಸವೇ ಆಗಿದ್ದರೆ ಹಗಲಲ್ಲಿ, ಹತ್ತು ಜನರ ಎದುರು ಮಾಡಬಹುದಿತ್ತು.

ಆ 40 ಎಂಬ ಸಂಖ್ಯೆಯನ್ನು ಸ್ವಲ್ಪ ಹಿಡಿದು ನೋಡಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು ಎನ್ನುತ್ತದೆ ಅದು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು ಎಂದೂ ಹೇಳುತ್ತದೆ. ಅಂದರೆ 51 ಮರವಿದ್ದರೆ ಜನರನ್ನು ಕೇಳಬೇಕು, 40 ಇದ್ದರೆ ಕೇಳಬೇಕಾಗಿಲ್ಲ!

ಬೆಂಗಳೂರಿನ ದೊಡ್ಡ ಯೋಜನೆಗಳಿಗೆ ಈ 50ರ ಗಡಿ ಒಂದು ತಡೆ. ನಮ್ಮ ಊರುಗಳಿಗೆ ಅದೇ ತೆರೆದ ಬಾಗಿಲು. ಒಂದು ತಾಲ್ಲೂಕು ಪಟ್ಟಣದ ಮುಖ್ಯ ರಸ್ತೆಯಲ್ಲಿ ಇರುವುದೇ ಮೂವತ್ತೋ ನಲವತ್ತೋ ಮರ. ಅಷ್ಟನ್ನೂ ಬೋಳಿಸಿದರೂ 50 ಮುಟ್ಟುವುದಿಲ್ಲ. ಇಡೀ ಊರಿನ ನೆರಳು ಹೋದರೂ ಕಾನೂನಿನ ಕಣ್ಣಿಗೆ ಅದು ಸಣ್ಣ ಸಂಗತಿ. ಉದ್ದದ ರಸ್ತೆಯಾದರೆ ಕಾಮಗಾರಿಯನ್ನು ಎರಡು ಕಿಲೋಮೀಟರಿನಂತೆ ತುಂಡು ಮಾಡಿದರೂ ಸಾಕು. ಪ್ರತಿ ತುಂಡೂ ಗಡಿಯೊಳಗೇ ಉಳಿಯುತ್ತದೆ.

ಸುದ್ದಿಯಲ್ಲೂ ಹೀಗೇ ಒಂದು ಗಡಿ ಇದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಸೇತುವೆ ಕಟ್ಟಲು 812 ಮರ ಕಡಿಯುವ ಮಾತು ಬಂದಾಗ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆ ಬದಿ ನಿಂತರು. ಎಲ್ಲ ವಾಹಿನಿಗಳ ಕ್ಯಾಮೆರಾಗಳೂ ಅಲ್ಲಿದ್ದವು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಿತು. ನಮಗೆ ಅದರ ಬಗ್ಗೆ ಹೊಟ್ಟೆಕಿಚ್ಚಿಲ್ಲ, ಹೆಮ್ಮೆಯಿದೆ. ಆದರೆ ಒಂದು ಮಾತು ಹೇಳಲೇಬೇಕು: ರಾಜಧಾನಿಯ ಮರ ಬಿದ್ದರೆ ಸುದ್ದಿ, ನಮ್ಮೂರಿನ ಮರ ಬಿದ್ದರೆ ಸೌದೆ.

‘ಹಳ್ಳಿ ಕಡೆಯ ಮರಕ್ಕೂ ಬೆಲೆ ಸಿಕ್ಕಿದೆಯಲ್ಲ, ಸಾಲುಮರದ ತಿಮ್ಮಕ್ಕನ ಮರಗಳನ್ನು ಉಳಿಸಲಿಲ್ಲವೇ?’ ಎಂದು ಕೇಳುವವರಿದ್ದಾರೆ. ಹೌದು, ಉಳಿದವು. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ನಡುವೆ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಆಲದ ಸಸಿ ನೆಟ್ಟರು. ಕೂಲಿ ಮಾಡಿ ಬದುಕುತ್ತಿದ್ದ ಆ ದಂಪತಿ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು, ದನ ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. 385 ಮರಗಳು ಬೆಳೆದು ನಿಂತವು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣಕ್ಕೆ ಅವೇ ಮರಗಳು ಬಲಿಯಾಗುವ ಹಂತಕ್ಕೂ ಬಂದವು. ಆ ಹಿರಿಯ ಜೀವ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಬಳಿ ಹೋಗಿ, ಮಕ್ಕಳಂತೆ ಸಾಕಿದ ಮರಗಳನ್ನು ಉಳಿಸಿ ಎಂದು ಬೇಡಬೇಕಾಯಿತು. ಆಮೇಲೆ ಪರ್ಯಾಯ ಹುಡುಕುವಂತೆ ಸೂಚನೆ ಹೋಯಿತು.

ಈ ಕಥೆಯನ್ನು ಸರ್ಕಾರದ ಹೃದಯವಂತಿಕೆಗೆ ಉದಾಹರಣೆಯಾಗಿ ಹೇಳುತ್ತಾರೆ. ನಮಗೆ ಅದು ಬೇರೆಯದನ್ನೇ ಹೇಳುತ್ತದೆ. ಮೊದಲನೆಯದು, ಮುಖ್ಯಮಂತ್ರಿ ಹೇಳಿದ ಮೇಲೆ ಪರ್ಯಾಯ ಹುಡುಕಬಹುದು ಎಂದಾದರೆ ಹೇಳುವ ಮೊದಲೂ ಹುಡುಕಬಹುದಿತ್ತು. ಎರಡನೆಯದು, ನಾಡಿಗೆಲ್ಲ ಗೊತ್ತಿರುವ ಮರಗಳನ್ನೂ ನಕ್ಷೆ ಬರೆದವರು ಅಡಚಣೆ ಎಂದೇ ಎಣಿಸಿದ್ದರು. ಹಾಗಿದ್ದ ಮೇಲೆ ಹೆಸರಿಲ್ಲದವರು ನೆಟ್ಟ ಹುಣಸೆ, ಹೊಂಗೆ, ನೇರಳೆಗಳ ಗತಿ ಏನು? ಎಲ್ಲ ಊರಿನ ಮರಕ್ಕೂ ಒಬ್ಬ ತಿಮ್ಮಕ್ಕ ಬರಲಾರರು. ತಿಮ್ಮಕ್ಕನೂ ಈಗಿಲ್ಲ, 2025ರ ನವೆಂಬರ್‌ನಲ್ಲಿ ತೀರಿಕೊಂಡರು. ಅಶೋಕನು ಸಾಲುಮರಗಳನ್ನು ನೆಡಿಸಿದನು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ ನಾಡು ಇದು. ನೆಡಿಸಿದವನಿಗೆ ಒಂದು ಅಂಕ ಕೊಟ್ಟರು. ಕಡಿಸಿದವರ ಹೆಸರು ಬರೆಯಲು ಯಾವ ಪ್ರಶ್ನೆಪತ್ರಿಕೆಯಲ್ಲೂ ಜಾಗವಿಲ್ಲ.

ಇನ್ನು ಕಡಿಯುವವರ ವಾದಗಳು. ಎಲ್ಲ ಊರಿನಲ್ಲೂ ಇವು ಹೆಚ್ಚು ಕಡಿಮೆ ಒಂದೇ.

‘ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕಿಕೊಳ್ಳೋಕಾಗುತ್ತಾ?’ ಇದು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತು. ಸ್ವಾಮಿ, ನೇಣು ಹಾಕಿಕೊಳ್ಳುತ್ತೇವೆ ಎಂದವರು ಯಾರು? ಅದರ ಕೆಳಗೆ ಕೂರುತ್ತೇವೆ ಎನ್ನುತ್ತಿದ್ದೇವೆ ಅಷ್ಟೇ. ರಸ್ತೆ ಇಕ್ಕಟ್ಟಾಗಿದೆ, ಆಂಬುಲೆನ್ಸ್ ಹೋಗಲು ಜಾಗ ಬೇಕು ಎನ್ನುವುದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಮನೆಯವರೂ ಅದೇ ರಸ್ತೆಯಲ್ಲಿ ಆಸ್ಪತ್ರೆಗೆ ಹೋಗುವವರು. ಆದರೆ ಅಗಲವಾದ ರಸ್ತೆಗಳು ಈಗ ಏನಾಗಿವೆ ನೋಡಿ ಬನ್ನಿ. ಮರವಿದ್ದ ಜಾಗದಲ್ಲಿ ಕಾರು ನಿಂತಿದೆ, ಅದರ ಪಕ್ಕ ಅಂಗಡಿಯ ತಗಡಿನ ಚಪ್ಪರ ಮುಂದೆ ಬಂದಿದೆ. ವಾಹನ ಓಡುವ ಜಾಗ ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಪಾರ್ಕಿಂಗ್ ಸರಿಮಾಡದೆ, ಒತ್ತುವರಿ ಮುಟ್ಟದೆ ಮರವನ್ನು ಮಾತ್ರ ತೆಗೆದರೆ ಅಗಲವಾಗುವುದು ಬಿಲ್ಲು ಮಾತ್ರ.

ಎರಡನೆಯ ವಾದ: ‘ಮರ ಹಳೆಯದು, ಮಳೆಗಾಲದಲ್ಲಿ ಬೀಳುತ್ತೆ, ಜೀವ ಹೋದರೆ ಯಾರು ಹೊಣೆ?’ ಜೀವದ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಳಗೆ ಟೊಳ್ಳಾದ, ಒಣಗಿದ ಮರ ಹೋಗಲೇಬೇಕು. ಆದರೆ ಗಟ್ಟಿ ಮರ ಯಾಕೆ ಬೀಳುತ್ತದೆ? ಚರಂಡಿ ತೋಡುವಾಗ ಒಂದು ಪಕ್ಕದ ಬೇರು ಕತ್ತರಿಸುತ್ತಾರೆ. ಕೇಬಲ್ ಹಾಕುವಾಗ ಇನ್ನೊಂದು ಪಕ್ಕದ್ದು. ಆಮೇಲೆ ಬುಡದವರೆಗೂ ಕಾಂಕ್ರೀಟ್ ಸುರಿದು ನೀರು, ಗಾಳಿ ಎರಡನ್ನೂ ನಿಲ್ಲಿಸುತ್ತಾರೆ. ತಂತಿಗೆ ತಾಗುತ್ತದೆಂದು ಒಂದೇ ಕಡೆಯ ಕೊಂಬೆ ಕಡಿದು ಭಾರವೆಲ್ಲ ಇನ್ನೊಂದು ಕಡೆಗೆ ವಾಲುವಂತೆ ಮಾಡುತ್ತಾರೆ. ಮರದ ಸುತ್ತ ಒಂದು ಮೀಟರ್ ಜಾಗದಲ್ಲಿ ಕಾಂಕ್ರೀಟ್ ಇರಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಪ್ರಕರಣವೊಂದರಲ್ಲಿ 2013ರಲ್ಲೇ ಹೇಳಿತು. ನಿಮ್ಮೂರಿನ ಬಸ್ ನಿಲ್ದಾಣದ ಮರದ ಬುಡ ಒಮ್ಮೆ ನೋಡಿ. ಕಾಲು ಮುರಿದು, ಕತ್ತು ಹಿಸುಕಿ, ಕೊನೆಗೆ ‘ಇದಕ್ಕೆ ನಿಲ್ಲಲು ಶಕ್ತಿಯಿಲ್ಲ’ ಎಂದು ಷರಾ ಬರೆಯುವುದು ಯಾವ ನ್ಯಾಯ?

ಮೂರನೆಯದು ಎಲ್ಲಕ್ಕಿಂತ ಜಾಣ ವಾದ: ‘ಒಂದು ಮರಕ್ಕೆ ಹತ್ತು ಗಿಡ ನೆಡುತ್ತೇವೆ.’ ಎಲ್ಲಿ ನೆಡುತ್ತೀರಿ? ಊರಾಚೆಯ ಗೋಮಾಳದಲ್ಲೋ ಗುಡ್ಡದಲ್ಲೋ. ಆ ಗುಡ್ಡದಲ್ಲಿ ಬೆಳೆದ ಗಿಡ ಸಂತೆಬೀದಿಗೆ ನೆರಳು ಕೊಡುವುದು ಹೇಗೆ? ಜೂನ್ ಐದಕ್ಕೆ ಫೋಟೊ ತೆಗೆಸಿಕೊಂಡು ನೆಟ್ಟ ಗಿಡಕ್ಕೆ ಬೇಸಿಗೆಯಲ್ಲಿ ನೀರು ಹಾಕುವವರು ಯಾರು? ಬಿಂದಿಗೆ ಹೊತ್ತ ತಿಮ್ಮಕ್ಕನಿಗೆ ಗೊತ್ತಿದ್ದ ಸತ್ಯ ಇದು: ಗಿಡ ನೆಡುವುದು ಒಂದು ದಿನದ ಕೆಲಸ, ಮರ ಮಾಡುವುದು ಒಂದು ಬದುಕಿನ ಕೆಲಸ. ಐವತ್ತು ವರ್ಷದ ಮರಕ್ಕೆ ಹತ್ತು ಸಸಿ ಸಮವಲ್ಲ. ಹತ್ತು ಸಸಿಯ ಜೊತೆ ಐವತ್ತು ವರ್ಷವನ್ನೂ ಕೊಡುವುದಾದರೆ ಲೆಕ್ಕ ಸರಿಹೋದೀತು.

ಇಷ್ಟೆಲ್ಲ ವಾದದ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ಕಾರಣವಿದೆ ಎಂದು ನಮಗೆ ಅನ್ನಿಸುತ್ತದೆ. ರಸ್ತೆಯ ಬದಿಯಲ್ಲಿ ಇರುವ ಎಲ್ಲದರಲ್ಲಿ ಮರವೇ ಅಗ್ಗ. ಕಟ್ಟಡ ಒಡೆದರೆ ಪರಿಹಾರ ಕೊಡಬೇಕು, ಮಾಲೀಕ ಕೋರ್ಟಿಗೆ ಹೋಗುತ್ತಾನೆ. ಗುಡಿಯ ಕಟ್ಟೆ ಮುಟ್ಟಿದರೆ ಊರೇ ಏಳುತ್ತದೆ. ಪ್ರಭಾವಿಯ ಕಾಂಪೌಂಡ್ ಎರಡಡಿ ರಸ್ತೆಗೆ ಬಂದಿದ್ದರೂ ಸರ್ವೆಯ ಟೇಪು ಅಲ್ಲಿ ಬಾಗುತ್ತದೆ. ಮರಕ್ಕೆ ಖಾತೆಯಿಲ್ಲ, ಪಹಣಿಯಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ಕಡಿದರೆ ಖರ್ಚಿನ ಬದಲು ಹರಾಜಿನ ಹಣವೇ ಬರುತ್ತದೆ.

ಮರವನ್ನು ನಂಬಿದವರೂ ಮರದ ಹಾಗೆಯೇ, ದಾಖಲೆಯಿಲ್ಲದವರು. ಎಳನೀರಿನವನು, ಚಪ್ಪಲಿ ಹೊಲಿಯುವವನು, ಪಂಕ್ಚರ್ ಅಂಗಡಿಯವನು, ಹೂ ಕಟ್ಟುವವಳು. ಇವರ ಅಂಗಡಿಗೆ ಗೋಡೆಯಿಲ್ಲ, ಮರವೇ ಸೂರು. ನಂಬರು ಬಿದ್ದ ಹೊಂಗೆ ಮರವೊಂದರ ಕೆಳಗೆ ಕೂತಿದ್ದ ಹೂವಿನಮ್ಮನನ್ನು ನಾವು ಮಾತಾಡಿಸಿದಾಗ ಹೇಳಿದ್ದು ಇಷ್ಟು: “ಮರ ಹೋದ್ರೆ ನಾನೂ ಹೋದಂಗೇ ಮಗಾ. ಮಧ್ಯಾಹ್ನದ ಬಿಸ್ಲಿಗೆ ಬಾಡಿದ ಹೂವ ಯಾರು ತಗೋತಾರೆ? ನೀವ್ ಬರ್ಕೊಂಡ್ರೆ ಬಿಡ್ತಾರಾ?” ನಮ್ಮ ಬಳಿ ಉತ್ತರ ಇರಲಿಲ್ಲ. ಯೋಜನೆಯ ಅಂದಾಜು ಪಟ್ಟಿಯಲ್ಲಿ ಜಲ್ಲಿ, ಡಾಂಬರು, ಸಿಮೆಂಟ್ ಎಲ್ಲಕ್ಕೂ ದರವಿದೆ. ಆಕೆಯ ಮಧ್ಯಾಹ್ನಕ್ಕೆ ದರವಿಲ್ಲ.

ಬರೀ ಬೈದು ಮುಗಿಸಿದರೆ ಪ್ರಯೋಜನವಿಲ್ಲ. ನಮ್ಮ ಬೇಡಿಕೆಗಳು ಇಷ್ಟು.

ರಸ್ತೆ ಯೋಜನೆಯ ಅಂದಾಜು ಪಟ್ಟಿ ತಯಾರಿಸುವ ಮೊದಲೇ ಮರಗಳ ಪಟ್ಟಿ ತಯಾರಾಗಲಿ. ಯಾವ ಜಾತಿ, ಎಷ್ಟು ಸುತ್ತಳತೆ, ಯಾವುದು ಉಳಿಯಬಹುದು, ಉಳಿಸಲು ರಸ್ತೆಯನ್ನು ಎಲ್ಲಿ ಸರಿಸಬಹುದು ಎನ್ನುವುದು ಕನ್ನಡದಲ್ಲಿ, ಅದೇ ರಸ್ತೆಯಲ್ಲಿ, ಜನ ಓದುವ ಕಡೆ ಅಂಟಿಸಿರಲಿ. ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ ಅದನ್ನು ಓದಿ ಹೇಳಲಿ. 50ರ ಗಡಿಯನ್ನು ತೆಗೆದು, ಸಾರ್ವಜನಿಕ ರಸ್ತೆಯ ಒಂದು ಮರಕ್ಕೂ ಆಕ್ಷೇಪಣೆ ಸಲ್ಲಿಸುವ ಅವಕಾಶ ಬರಲಿ. ತುಂಡು ತುಂಡಾಗಿ ಟೆಂಡರ್ ಕರೆದರೂ ಮರಗಳನ್ನು ಇಡೀ ರಸ್ತೆಗೆ ಒಟ್ಟಾಗಿ ಎಣಿಸಲಿ. ಬದಲಿ ಗಿಡ ಅದೇ ರಸ್ತೆಯಲ್ಲಿ ಬರಲಿ, ಕನಿಷ್ಠ ಐದು ಬೇಸಿಗೆ ನೀರು ಹಾಕುವ ಹೊಣೆ ಗುತ್ತಿಗೆಯಲ್ಲೇ ಇರಲಿ, ಗಿಡ ಬದುಕಿದೆ ಎಂದು ತೋರಿಸಿದ ಮೇಲೆ ಕೊನೆಯ ಕಂತು ಪಾವತಿಯಾಗಲಿ. ಸೂರ್ಯ ಮುಳುಗಿದ ಮೇಲೆ ಸಾರ್ವಜನಿಕ ಮರಕ್ಕೆ ಗರಗಸ ಹಚ್ಚುವುದು ನಿಲ್ಲಲಿ.

ಇದರಲ್ಲಿ ಯಾವುದೂ ರಸ್ತೆಯನ್ನು ನಿಲ್ಲಿಸುವ ಬೇಡಿಕೆಯಲ್ಲ. ಕೇಳಿ ಮಾಡಿ ಎನ್ನುವುದಷ್ಟೇ. ಎಲ್ಲರ ಎದುರು ಲೆಕ್ಕ ಹಾಕಿದ ಮೇಲೂ ಒಂದು ಮರ ಹೋಗಲೇಬೇಕು ಎಂದಾದರೆ ಹೋಗಲಿ. ಆಗ ಊರು ಗೊತ್ತಿದ್ದೇ ಕಳೆದುಕೊಳ್ಳುತ್ತದೆ. ಈಗಿನಂತೆ ಬೆಳಗಾಗೆದ್ದು ನೋಡಿ ದಂಗಾಗುವುದಿಲ್ಲ.

ಕೊನೆಯದಾಗಿ ನಮಗೆ ನಾವೇ ಹಾಕಿಕೊಳ್ಳುವ ಕಟ್ಟಳೆ. ಮುಂದಿನ ಗುದ್ದಲಿ ಪೂಜೆಗೆ ಹೋದಾಗ, ಮೊತ್ತ ಎಷ್ಟು, ಉದ್ದ ಎಷ್ಟು ಎಂದು ಕೇಳಿದ ಬಾಯಲ್ಲೇ ‘ಮರ ಎಷ್ಟು?’ ಎಂದೂ ಕೇಳುತ್ತೇವೆ. ಉತ್ತರ ಸಿಕ್ಕರೆ ಸುದ್ದಿಯ ಮೊದಲ ಪ್ಯಾರಾದಲ್ಲಿ ಹಾಕುತ್ತೇವೆ. ಸಿಗದಿದ್ದರೆ ‘ಉತ್ತರ ಕೊಡಲಿಲ್ಲ’ ಎಂದು ಹಾಕುತ್ತೇವೆ. ಈ ಬರಹ ಓದುವ ನಮ್ಮ ಕಿರಿಯರೂ, ಬೇರೆ ಬೇರೆ ತಾಲ್ಲೂಕಿನ ವರದಿಗಾರ ಗೆಳೆಯರೂ ಇದೊಂದು ಪ್ರಶ್ನೆ ಕೇಳಲು ಶುರುಮಾಡಿ. ಕ್ಯಾಮೆರಾ ಎತ್ತುವ ಮೊದಲು ಒಮ್ಮೆ ತಲೆಯೆತ್ತಿ, ನೆರಳು ಎಲ್ಲಿಂದ ಬರುತ್ತಿದೆ ನೋಡಿ.